ತೂಕದ ಕಲ್ಲು ಸವೆಯಬಾರದು

ಶಾಲೆಗಳ ವಿದ್ಯಾಮಟ್ಟವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಬೇಕೋ ರಾಜ್ಯ ಸರ್ಕಾರ ಗೊತ್ತುಪಡಿಸಬೇಕೋ ಎಂಬ ವಿವಾದ ಇಂದಿನದಲ್ಲ. ರಾಜ್ಯಪಟ್ಟಿಯಲ್ಲಿದ್ದ ಶಿಕ್ಷಣವು 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಸೇರಿದಾಗಲೇ ಅದು ಬೇರೂರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮರುವರ್ಷವೇ ಸ್ವಾಗತಿಸಿದ ಕರ್ನಾಟಕವು 2023ರಲ್ಲಿ ಅದನ್ನು ತೊರೆದು ಸುಖದೇವ್ ಥೋರಟ್ ಆಯೋಗವನ್ನು ನೇಮಿಸಿತು. ಆಯೋಗದ ವರದಿ 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು.

ದೇಶಕ್ಕೆಲ್ಲ ಕಿಲೋಗ್ರಾಂ ಒಂದೇ ಆಗಿರುವಾಗ ಎಸ್‌ಎಸ್‌ಎಲ್‌ಸಿಯ ಮಟ್ಟವೂ ಒಂದೇ ಏಕಾಗಬಾರದು ಎಂದು ಕೇಂದ್ರದ ಪಕ್ಷದವರು ಕೇಳುತ್ತಾರೆ. ವಾದ ಚೆಲುವಾಗಿದೆ, ಆದರೆ ಮಗು ಧಾನ್ಯವಲ್ಲ. ಕಪಿಲೆಯ ದಂಡೆಯ ಸುತ್ತೂರಿನ ರೈತನ ಮಗುವಿಗೆ ಯಾವ ನುಡಿಯಲ್ಲಿ, ಯಾವ ಕ್ರಮದಲ್ಲಿ ಕಲಿಸಬೇಕೆಂಬುದು ದೆಹಲಿಗಿಂತ ಇಲ್ಲಿಯವರಿಗೆ ಚೆನ್ನಾಗಿ ತಿಳಿದಿದೆ. ಶಿಕ್ಷಕರನ್ನು ನೇಮಿಸುವುದೂ ಪರೀಕ್ಷೆ ನಡೆಸುವುದೂ ರಾಜ್ಯವೇ. ಊರೂರು ತಿರುಗುವ ನೌಕರರ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯಗಳಿವೆ. ಸುತ್ತೂರು ಶ್ರೀಮಠದ ಉಚಿತ ವಸತಿ ಶಾಲೆಗೆ ಹೊರರಾಜ್ಯಗಳ ಮಕ್ಕಳೂ ಬರುತ್ತಾರೆ. ಅವರನ್ನು ಕರೆತಂದದ್ದು ಅಲ್ಲಿಯ ಅನ್ನ, ಆಶ್ರಯ, ಅಕ್ಷರಗಳೇ ಹೊರತು ಏಕರೂಪದ ಪಠ್ಯಸೂಚಿಯಲ್ಲ. ಪ್ರೌಢಶಾಲೆಯ ಗಣಿತ, ವಿಜ್ಞಾನಗಳಿಗೆ ಎನ್‌ಸಿಇಆರ್‌ಟಿ ಪಠ್ಯವನ್ನು ರಾಜ್ಯವು ತಾನಾಗಿಯೇ ತಂದುಕೊಂಡಿದೆ. ಒಳ್ಳೆಯದನ್ನು ಆರಿಸಿಕೊಳ್ಳಲು ಅಪ್ಪಣೆ ಬೇಕಿಲ್ಲ.

ಆದುದರಿಂದ ಅಧಿಕಾರ ರಾಜ್ಯದ್ದೇ ಆಗಿರಲಿ. ಆದರೆ ರಾಜ್ಯವು ಅದಕ್ಕೆ ಅರ್ಹವಾಗಿ ನಡೆದುಕೊಂಡಿದೆಯೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದೊಡನೆ ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ, ಹಿಂದಿನ ವರ್ಷ ಶೇ. 83.89 ಇದ್ದ ತೇರ್ಗಡೆ ಶೇ. 73.40ಕ್ಕೆ ಇಳಿಯಿತು. ಟೀಕೆ ಬಂದ ಮೇಲೆ ಆ ಕೃಪೆ ನಿಂತಿತು. 2025ರ ಅಕ್ಟೋಬರ್‌ನಲ್ಲಿ ತೇರ್ಗಡೆಯ ಮಟ್ಟವನ್ನೇ ಶೇ. 35ರಿಂದ 33ಕ್ಕೆ ಇಳಿಸುವ ಪ್ರಕಟಣೆ ಹೊರಟಿತು. ಸಿಬಿಎಸ್‌ಇಯಲ್ಲೂ ಅಷ್ಟೇ ಎಂಬುದು ಸಮರ್ಥನೆ. ದೆಹಲಿಯ ನೀತಿ ಬೇಡವೆಂದವರಿಗೆ ದೆಹಲಿಯ ಕನಿಷ್ಠ ಅಂಕ ಮಾತ್ರ ರುಚಿಸಿತು!

ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ತೂಕದ ಕಲ್ಲನ್ನು ಸವೆಸುವ ವರ್ತಕ ಗಿರಾಕಿಯನ್ನು ವಂಚಿಸುತ್ತಾನೆ. ಅಂಕದ ಕಲ್ಲನ್ನು ಸವೆಸುವ ಸರ್ಕಾರ ಬಡವರ ಮಗುವನ್ನು ವಂಚಿಸುತ್ತದೆ. ಉಳ್ಳವರ ಮಗು ಮನೆಪಾಠದಿಂದ ಕೊರತೆಯನ್ನು ತುಂಬಿಕೊಳ್ಳುತ್ತದೆ. ಬಡ ಮಗುವಿಗೆ ತಾನು ಕಲಿತಿಲ್ಲವೆಂಬುದು ತಿಳಿಯುವುದು ಪಿಯುಸಿ ತರಗತಿಯಲ್ಲಿ, ಬಹಳ ತಡವಾಗಿ.

ಶಾಲೆ ನಡೆಸುವ ಧರ್ಮಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಯಾವ ಮಂಡಳಿಗೆ ಸೇರೋಣ ಎಂದು ಚರ್ಚಿಸುವ ಮೊದಲು ಏಳನೆಯ ತರಗತಿಯ ಮಗು ತಡೆಯಿಲ್ಲದೆ ಓದಬಲ್ಲುದೇ, ಭಾಗಾಕಾರ ಮಾಡಬಲ್ಲುದೇ ಎಂದು ಪರೀಕ್ಷಿಸಲಿ. ಕಲ್ಲು ಯಾರ ಕೈಯಲ್ಲಿರಬೇಕೆಂಬ ಜಗಳ ಆಡಬೇಕಾದದ್ದೇ; ಆದರೆ ಕಲ್ಲನ್ನು ಸವೆಸಿದವರಿಗೆ ಆ ಜಗಳದಲ್ಲಿ ಬಾಯಿರುವುದಿಲ್ಲ.