ದೇವರಿಗೆ ಸಾಕ್ಷಿ ಬೇಕೆ?

ದೇವರಿದ್ದಾನೆಯೆ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಿದರೆ ಎರಡು ಬಗೆಯ ಉತ್ತರಗಳು ಬರುತ್ತವೆ. ಒಂದು, ಕೇಳಿದ್ದೇ ತಪ್ಪೆಂಬ ಕೋಪ. ಇನ್ನೊಂದು, ವಿಜ್ಞಾನ ಬಂದ ಮೇಲೆ ಈ ವಿಚಾರ ಮುಗಿದುಹೋಯಿತೆಂಬ ತಾತ್ಸಾರ. ಕಾಲೇಜುಗಳ ಚರ್ಚಾಕೂಟಗಳಲ್ಲಿ ನಾನು ಎರಡನ್ನೂ ಕೇಳಿದ್ದೇನೆ. ಕೋಪಗೊಳ್ಳುವವನಿಗೆ ತನ್ನ ದೇವರ ಬಲದಲ್ಲಿ ನಂಬಿಕೆ ಸಾಲದು. ತಾತ್ಸಾರ ಮಾಡುವವನಿಗೆ ಪ್ರಶ್ನೆಯ ಆಳದ ಅರಿವು ಸಾಲದು. ಈ ಪ್ರಶ್ನೆಯನ್ನು ಚರ್ಚಿಸಬೇಕು, ಕಟ್ಟುನಿಟ್ಟಾಗಿಯೇ ಚರ್ಚಿಸಬೇಕು. ಆದರೆ ಚರ್ಚೆಯಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಅರಿತು ಚರ್ಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ದೇವರ ಬಗೆಗೆ ಸಂದೇಹಪಡುವುದು ಪಶ್ಚಿಮದಿಂದ ಬಂದ ಚಾಳಿಯೆಂದು ಭಾವಿಸುವವರು ಹಲವರಿದ್ದಾರೆ. ನಮ್ಮ ದರ್ಶನಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ತರ್ಕಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಕಂಡದ್ದರಿಂದ ಕಾಣದುದನ್ನು ನಿಶ್ಚಯಿಸುವ ಪ್ರಮಾಣ, ನಮ್ಮ ಆಡುಮಾತಿನಲ್ಲಿ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ದೇವರ ವಿಷಯದಲ್ಲಿ ಈ ಎರಡು ಅರ್ಥಗಳೂ ಜೊತೆಜೊತೆಯಾಗಿಯೇ ನಡೆದುಬಂದಿವೆ.

ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಿಥಿಲೆಯಲ್ಲಿದ್ದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯನ್ನು ಬರೆದುದು ಈಶ್ವರನನ್ನು ತರ್ಕದಿಂದ ಸಾಧಿಸುವುದಕ್ಕಾಗಿ. ಅದರ ಐದು ಸ್ತಬಕಗಳಲ್ಲಿ ಮೊದಲಿನ ನಾಲ್ಕು ಪ್ರತಿವಾದಿಗಳ ಆಕ್ಷೇಪಗಳಿಗೆ ಸಮಾಧಾನ. ಐದನೆಯದು ಈಶ್ವರಸಾಧಕವಾದ ಹೇತುಗಳ ನಿರೂಪಣೆ. ಅವುಗಳಲ್ಲಿ ಮೊದಲನೆಯದು ಎಲ್ಲರಿಗೂ ಪರಿಚಿತವಾದದ್ದು. ಗಡಿಗೆಯೊಂದು ಕಾರ್ಯ, ಅದಕ್ಕೊಬ್ಬ ಕುಂಬಾರನಿದ್ದಾನೆ. ಜಗತ್ತೂ ಕಾರ್ಯ, ಅದಕ್ಕೂ ಬುದ್ಧಿವಂತನಾದ ಕರ್ತೃವೊಬ್ಬ ಇರಲೇಬೇಕು. ಉದಯನರ ಬಗೆಗೆ ಒಂದು ಐತಿಹ್ಯವುಂಟು. ಪುರಿಯಲ್ಲಿ ಜಗನ್ನಾಥನ ಬಾಗಿಲು ಮುಚ್ಚಿದ್ದುದನ್ನು ಕಂಡು, ಬೌದ್ಧರು ವಾದಕ್ಕೆ ಬಂದಾಗ ನಿನ್ನ ಇರವು ನನ್ನನ್ನೇ ಅವಲಂಬಿಸಿತ್ತೆಂಬುದನ್ನು ಮರೆತೆಯಾ ಎಂದು ಅವರು ದೇವರನ್ನೇ ಗದರಿಸಿಕೊಂಡರಂತೆ. ಐತಿಹ್ಯ ಸೊಗಸಾಗಿದೆ, ಆದರೆ ಭಕ್ತನಾದವನಿಗೆ ಅದು ತುಸು ಅಂಜಿಕೆಯನ್ನೂ ಹುಟ್ಟಿಸಬೇಕು. ಒಬ್ಬ ತಾರ್ಕಿಕನ ಕೈಯಲ್ಲಿ ಬದುಕಿದ ದೇವರು ಇನ್ನೊಬ್ಬ ತಾರ್ಕಿಕನ ಕೈಯಲ್ಲಿ ಸಾಯಬೇಕಾದೀತು.

ಇನ್ನೊಬ್ಬ ತಾರ್ಕಿಕನಂತೂ ಉದಯನರಿಗಿಂತ ಮೊದಲೇ ಬಂದಿದ್ದ. ಏಳನೆಯ ಶತಮಾನದ ಬೌದ್ಧ ಪಂಡಿತ ಧರ್ಮಕೀರ್ತಿ ಕೇಳಿದ: ಮಣ್ಣಿನ ಗಡಿಗೆಯನ್ನು ಕುಂಬಾರ ಮಾಡಿದನೆಂಬ ಮಾತ್ರಕ್ಕೆ ಹುತ್ತವೂ ಮಣ್ಣಿನದೇ ಆದ್ದರಿಂದ ಅದನ್ನೂ ಕುಂಬಾರನೇ ಮಾಡಿದನೆನ್ನೋಣವೇ? ಗಡಿಗೆಗೂ ಬೆಟ್ಟಕ್ಕೂ ‘ಕಾರ್ಯ’ವೆಂಬ ಒಂದೇ ಹೆಸರನ್ನಿಟ್ಟೊಡನೆ ಅವೆರಡೂ ಒಂದೇ ಜಾತಿಯವಾಗುವುದಿಲ್ಲ ಎಂಬುದು ಅವನ ಇಂಗಿತ. ವೇದಪ್ರಾಮಾಣ್ಯದ ಪರವಾಗಿ ಬೌದ್ಧರೊಡನೆ ಹೋರಾಡಿದ ಮೀಮಾಂಸಕ ಕುಮಾರಿಲಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಸೃಷ್ಟಿಗೆ ಮುಂಚೆ ಯಾರೂ ಇರಲಿಲ್ಲವೆಂದ ಮೇಲೆ ಕರುಣೆಯಿಂದ ಸೃಷ್ಟಿಸಿದನೆಂಬುದಕ್ಕೆ ಅರ್ಥವೇನು, ಯಾರ ಮೇಲಿನ ಕರುಣೆ ಅದು ಎಂಬುದು ‘ಶ್ಲೋಕವಾರ್ತಿಕ’ದಲ್ಲಿ ಅವರ ಪ್ರಶ್ನೆ. ನಮ್ಮ ನಾಡಿನ ಮಾತಿಗೇ ಬಂದರೆ, ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ‘ಆದಿಪುರಾಣ’ದಲ್ಲಿ ಜಗತ್ಕರ್ತೃವಾದವನ್ನು ವಿಸ್ತಾರವಾಗಿ ಖಂಡಿಸಿದ್ದಾರೆ. ಆ ಗ್ರಂಥವನ್ನು ಅನುಸರಿಸಿಯೇ 941ರಲ್ಲಿ ಪಂಪ ತನ್ನ ಕನ್ನಡ ‘ಆದಿಪುರಾಣ’ವನ್ನು ರಚಿಸಿದ. ನಮ್ಮ ಆದಿಕವಿಯ ಧರ್ಮದಲ್ಲಿ ಸೃಷ್ಟಿಕರ್ತನಾದ ದೇವರಿಗೆ ಎಡೆಯಿಲ್ಲವೆಂಬುದನ್ನು ನಾವು ಆಗಾಗ ನೆನೆಯುವುದು ಒಳ್ಳೆಯದು.

ಇವರೆಲ್ಲ ಈಶ್ವರನನ್ನು ಒಪ್ಪದವರು. ಖಂಡಿಸಿದ್ದರಲ್ಲಿ ಆಶ್ಚರ್ಯವಿಲ್ಲ ಎನ್ನಬಹುದು. ಆಶ್ಚರ್ಯವಿರುವುದು ಮುಂದೆ. ಮೇಲುಕೋಟೆಯ ಮಣ್ಣಿನಲ್ಲಿ ಇಂದಿಗೂ ಯಾರ ಹೆಸರು ಹಸುರಾಗಿದೆಯೋ ಆ ರಾಮಾನುಜಾಚಾರ್ಯರು ‘ಶ್ರೀಭಾಷ್ಯ’ದಲ್ಲಿ, ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಸೂತ್ರವನ್ನು ವ್ಯಾಖ್ಯಾನಿಸುವಾಗ, ಈಶ್ವರಾನುಮಾನವನ್ನು ಒಂದೊಂದಾಗಿ ಬಿಚ್ಚಿ ಕೆಡಹುತ್ತಾರೆ. ಭೂಮಿ ಬೆಟ್ಟಗಳು ಕಾರ್ಯಗಳೆಂದೇ ಒಪ್ಪಿದರೂ ಅವೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದುವೆನ್ನಲು ಆಧಾರವೇನು? ದೊಡ್ಡ ಕಟ್ಟಡವನ್ನು ಅನೇಕರು ಸೇರಿ ಕಟ್ಟುವುದನ್ನು ಕಾಣುತ್ತೇವಲ್ಲವೇ? ನಾವು ಕಂಡ ಕರ್ತೃಗಳೆಲ್ಲ ದೇಹವುಳ್ಳವರು. ಗಡಿಗೆಯ ದೃಷ್ಟಾಂತವನ್ನು ಹಿಡಿದರೆ ಜಗತ್ಕರ್ತೃವಿಗೂ ದೇಹವನ್ನು ಒಪ್ಪಬೇಕಾಗುವುದಿಲ್ಲವೇ? ಹೀಗೆ ಸಾಗುತ್ತದೆ ಅವರ ವಾದ. ಇದು ನಾಸ್ತಿಕನ ಮಾತಲ್ಲ. ಭಕ್ತಿಯನ್ನೇ ಬಾಳಿನ ಉಸಿರಾಗಿಸಿಕೊಂಡಿದ್ದವರ ಮಾತು. ಬ್ರಹ್ಮಕ್ಕೆ ಶಾಸ್ತ್ರವೊಂದೇ ಪ್ರಮಾಣ, ಅನುಮಾನವು ಅಲ್ಲಿಗೆ ಮುಟ್ಟಲಾರದು ಎಂಬುದು ಅವರ ಸಿದ್ಧಾಂತ. ಇತರ ಎಷ್ಟೋ ವಿಷಯಗಳಲ್ಲಿ ಅವರಿಂದ ದೂರ ನಿಂತ ಉಡುಪಿಯ ಮಧ್ವಾಚಾರ್ಯರೂ ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಇದೊಂದನ್ನು ಒಪ್ಪುತ್ತಾರೆ: ವಿಷ್ಣುವು ಸದಾಗಮಗಳಿಂದ ತಿಳಿಯತಕ್ಕವನೇ ಹೊರತು ಬರಿಯ ತರ್ಕದಿಂದಲ್ಲ.

ಪಶ್ಚಿಮದ ಕಥೆಯೂ ಇದೇ ಜಾಡಿನದು. ಜಗತ್ತಿಗೆ ಒಬ್ಬನೇ ಏಕೆ, ಹಲವರು ಶಿಲ್ಪಿಗಳು ಏಕಿರಬಾರದು ಎಂಬ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ ಗ್ರಂಥ ಅವನು ತೀರಿಕೊಂಡ ಮೇಲೆ 1779ರಲ್ಲಿ ಪ್ರಕಟವಾಯಿತು. ಪ್ರಶ್ನೆಯ ಮಟ್ಟಿಗೆ ರಾಮಾನುಜರು ಅವನಿಗಿಂತ ಆರು ಶತಮಾನ ಹಿಂದಿನವರು. 1802ರಲ್ಲಿ ವಿಲಿಯಂ ಪೇಲಿ, ಗಡಿಯಾರಕ್ಕೆ ಕರ್ತೃವಿರುವಂತೆ ಜೀವಿಗಳ ರಚನೆಗೂ ಕರ್ತೃವಿರಬೇಕೆಂದು ವಾದಿಸಿದ. 1859ರಲ್ಲಿ ಡಾರ್ವಿನ್ನನ ಗ್ರಂಥ ಬಂದಿತು. ಕಣ್ಣಿನಂಥ ಸೂಕ್ಷ್ಮ ರಚನೆಯೂ ನಿಸರ್ಗದ ಆಯ್ಕೆಯಿಂದ ಮೆಲ್ಲಮೆಲ್ಲನೆ ರೂಪುಗೊಳ್ಳಬಹುದೆಂದು ಅದು ತೋರಿಸಿತು. ಪೇಲಿಯ ವಾದದ ಮೇಲೆ ನಂಬಿಕೆಯನ್ನು ನಿಲ್ಲಿಸಿದ್ದವರ ಕಾಲಕೆಳಗಿನ ನೆಲ ಕುಸಿಯಿತು.

ಇದರಿಂದ ಪಾಠ ಕಲಿತವನೊಬ್ಬನಿದ್ದ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿಯೂ, ಅದು ಒಂದು ಆದ್ಯಬಿಂದುವಿನಿಂದ ಹೊರಟಿತೆಂದು 1931ರಲ್ಲಿಯೂ ಸೂಚಿಸಿದ ಬೆಲ್ಜಿಯಂ ದೇಶದ ಜಾರ್ಜ್ ಲಮೆತ್ರ್ ಕೆಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ಹೊಸ ವಿಶ್ವವಿಜ್ಞಾನವು ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆಯೆಂಬ ಅರ್ಥದಲ್ಲಿ ಮಾತನಾಡಿದಾಗ ಸಂತೋಷಪಡಬೇಕಾಗಿದ್ದ ಲಮೆತ್ರ್ ಅಸಮಾಧಾನಗೊಂಡ. ತನ್ನ ಸಿದ್ಧಾಂತ ಭೌತವಿಜ್ಞಾನಕ್ಕೆ ಸೇರಿದ್ದು, ಮತದ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲವೆಂಬುದು ಅವನ ನಿಲುವು. ಇಂದು ವಿಜ್ಞಾನದಲ್ಲಿ ದೇವರ ರುಜುವನ್ನು ಹುಡುಕುವ ನಮ್ಮ ಉಪನ್ಯಾಸಕಾರರು ಈ ಪಾದ್ರಿಯ ಸಂಯಮವನ್ನು ಗಮನಿಸಬೇಕು.

ಹಾಗಾದರೆ ತರ್ಕಕ್ಕೆ ರಜೆ ಕೊಟ್ಟುಬಿಡೋಣವೇ ಎಂಬ ಪ್ರಶ್ನೆ ಏಳುತ್ತದೆ. ರಾಮಾನುಜರಿಗೆ ಶಾಸ್ತ್ರದ ಆಸರೆಯಿತ್ತು. ಆ ಶಾಸ್ತ್ರವನ್ನು ಜಿನಸೇನರು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಗ್ರಂಥದೊಳಗೆ ಬಾಗಿಲು ಹಾಕಿಕೊಂಡು ಕುಳಿತರೆ ಮಾತುಕತೆಯೇ ನಿಂತುಹೋಗುತ್ತದೆ. ಈ ತೊಡಕು ನಿಜವಾದದ್ದು. ಇದನ್ನು ಹಾರಿಸಿಬಿಡುವುದು ಪ್ರಾಮಾಣಿಕತೆಯಲ್ಲ. ನನಗೆ ತೋರುವ ಮೇರೆ ಇದು. ಭಕ್ತನು ತನ್ನ ಅಂತರಂಗದ ಅನುಭವವನ್ನು ಹೇಳಿಕೊಂಡಾಗ ಅದಕ್ಕೆ ರುಜುವಾತು ಕೇಳುವುದು ಅರಸಿಕತೆ. ಆದರೆ ಅದೇ ನಂಬಿಕೆ ಲೋಕದ ವಿಷಯವಾಗಿ ಮಾತನಾಡತೊಡಗಿ, ಹಾವು ಕಚ್ಚಿದವನಿಗೆ ಮಂತ್ರ ಸಾಕೆಂದೋ, ಹುಟ್ಟಿನಿಂದಲೇ ಒಬ್ಬ ಮೇಲು ಇನ್ನೊಬ್ಬ ಕೀಳೆಂದೋ ಹೇಳಿದರೆ, ಆಗ ತರ್ಕಕ್ಕೂ ಪ್ರತ್ಯಕ್ಷಕ್ಕೂ ಅದನ್ನು ವಿಚಾರಣೆಗೆ ಕರೆಯುವ ಪೂರ್ಣ ಅಧಿಕಾರವಿದೆ. ಅಲ್ಲಿ ಶ್ರದ್ಧೆಯ ಹೆಸರಿನಲ್ಲಿ ವಿನಾಯಿತಿ ಕೇಳುವಂತಿಲ್ಲ. ಹಾಗೆಯೇ ನಾಸ್ತಿಕನೂ ಒಂದನ್ನು ನೆನಪಿಡಬೇಕು. ವಾದವೊಂದು ಬಿದ್ದಿತೆಂದರೆ ವಸ್ತುವೇ ಇಲ್ಲವೆಂದಾಗುವುದಿಲ್ಲ. ಹುತ್ತದ ದೃಷ್ಟಾಂತವು ಉದಯನರನ್ನು ಕಟ್ಟಿಹಾಕೀತು. ರಾಮಾನುಜರ ಭಕ್ತಿಯನ್ನು ಮುಟ್ಟಲಾರದು.

ಚರ್ಚೆಯ ನಿಜವಾದ ಫಲವು ಗೆಲುವಲ್ಲ, ಶುದ್ಧಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು ನಮ್ಮ ಪೂರ್ವಪಕ್ಷದ ಪದ್ಧತಿ. ನಮ್ಮ ತರಗತಿಗಳಲ್ಲಿ ಇದನ್ನು ಮತ್ತೆ ಅಭ್ಯಾಸಕ್ಕೆ ತರಬೇಕು. ಆಸ್ತಿಕ ವಿದ್ಯಾರ್ಥಿ ಧರ್ಮಕೀರ್ತಿಯ ಪಕ್ಷವನ್ನೂ ನಾಸ್ತಿಕ ವಿದ್ಯಾರ್ಥಿ ಉದಯನರ ಪಕ್ಷವನ್ನೂ ವಹಿಸಿ ವಾದಿಸಲಿ. ತನ್ನದಲ್ಲದ ಮಾತನ್ನು ಅರ್ಧ ಗಂಟೆ ಪ್ರಾಮಾಣಿಕವಾಗಿ ಆಡಿದವನಿಗೆ ಅದನ್ನಾಡುವ ಮನುಷ್ಯನನ್ನು ದ್ವೇಷಿಸುವುದು ಕಷ್ಟವಾಗುತ್ತದೆ.

ಇದು ಬರಿಯ ಶಾಲೆಯ ಮಾತಲ್ಲ. ನೆಲೆಗೊಂಡ ನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ವಿದ್ವಾಂಸ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟಿನಲ್ಲಿ ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದದ್ದು ಈ ನಾಡಿನಲ್ಲಿಯೇ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಶಕ್ತಿಯನ್ನು ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದಲ್ಲೇ ಎಣಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದೂ ಈ ನಾಡಿನಲ್ಲಿಯೇ. ದೇವರಿಗೆ ನಮ್ಮ ಸಾಕ್ಷಿ ಬೇಕಾಗಿಲ್ಲ. ಇದ್ದಾನೆಂದಾದರೆ ಅವನಿಗೆ ನಮ್ಮ ಕಾವಲೂ ಬೇಕಾಗಿಲ್ಲ. ಕಾವಲು ಬೇಕಾಗಿರುವುದು ಪ್ರಶ್ನೆ ಕೇಳುವವನಿಗೆ.