ವಾಚ್‌ಮನ್‌ನನ್ನು ಓಡಿಸಬೇಡಿ

ಮಕ್ಕಳೇ, ಐರೋಲಿ, ಪವೈ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ನಿಮಗೆ ಈ ಮಾತು. ಫೈರ್‌ವಾಲ್ ದಾರಿ ಬಿಟ್ಟಿದ್ದರೂ ಲಿನಕ್ಸ್ ಸರ್ವರಿನ ವೆಬ್‌ಸೈಟಿಗೆ ಬೇರೆ ಯಂತ್ರದ ಡೇಟಾಬೇಸ್ ಸಿಗದಿದ್ದರೆ, ಒಳಗಿನ ಕಾವಲುಗಾರ ಎಸ್‌ಇಲಿನಕ್ಸನ್ನೇ ಬಂದ್ ಮಾಡಿಬಿಡುತ್ತೀರಂತೆ! ನೆಂಟರನ್ನು ಒಮ್ಮೆ ತಡೆದನೆಂದು ಸೊಸೈಟಿಯ ವಾಚ್‌ಮನ್‌ನನ್ನು ಓಡಿಸುವುದುಂಟೇ? ನಾಳೆ ವೆಬ್‌ಸೈಟಿನೊಳಗೆ ಕಳ್ಳ ನುಸುಳಿದರೆ ಅಲ್ಲಿಂದಾಚೆ ಹೋಗದಂತೆ ಅಡ್ಡ ನಿಲ್ಲುವವನು ಅವನೇ. ಅವನದೂ ಒಂದು ರಿಜಿಸ್ಟರ್ ಇದೆ, ಆಡಿಟ್ ಲಾಗ್. ಅದರಲ್ಲಿ ‘ಎವಿಸಿ’, ‘ಡಿನೈಡ್’ ಎಂದಿರುವ ಸಾಲು ಹುಡುಕಿ. ಯಾವ ಪ್ರೋಗ್ರಾಮನ್ನು ಯಾವ ಪೋರ್ಟಿಗೆ ಹೋಗದಂತೆ ತಡೆದ ಎಂಬುದು ಅಲ್ಲೇ ಇರುತ್ತದೆ. ಡೇಟಾಬೇಸಿನ ತಕರಾರಾದರೆ ಸಾಮಾನ್ಯವಾಗಿ ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್_ಡಿಬಿ’ ಎಂಬ ಒಂದೇ ಸ್ವಿಚ್ಚನ್ನು ‘ಸೆಟ್‌ಸೆಬೂಲ್ -ಪಿ’ಯಿಂದ ಆನ್ ಮಾಡಿದರೆ ಸಾಕು. ಆ ‘ಪಿ’ ದೊಡ್ಡಕ್ಷರವೇ ಇರಲಿ. ಬಿಟ್ಟರೆ, ರೀಬೂಟ್ ಆದ ಮೇಲೆ ಮತ್ತೆ ಅದೇ ರಾಗ, ಅದೇ ಹಾಡು.