ಅಜ್ಜನ ಕಟ್ಟೆ: ಇನ್ನ ಆಡಂಗಿಲ್ಲ!

ಮಕ್ಕಳೇ, ಹೋದ ಶನಿವಾರ ನನ್ನ ಮೊಮ್ಮಗಳು ಮುಧೋಳದಿಂದ ಅಳುಮೋರೆ ಹೊತ್ತು ಬಂದಳು. ಖೋಖೋ ಪಂದ್ಯದಲ್ಲಿ ಸೋತಿದ್ದರು. "ಅಜ್ಜಾ, ನಾ ಇನ್ನ ಆಡಂಗಿಲ್ಲ" ಅಂದಳು.

"ಛಲೋ ಆತು, ಇನ್ನ ಓದು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬ್ಯಾಂಕಿನಲ್ಲಿದ್ದಾಗ ನನ್ನ ಮಗಳಿಗೆ ಇದೇ ಮಾತು ಹೇಳಿ ಆಟ ಬಿಡಿಸಿದ್ದೆ. ಆಕೆ ಎದುರು ಮಾತಾಡಲಿಲ್ಲ. ಮತ್ತೆ ಮೈದಾನಕ್ಕೂ ಹೋಗಲಿಲ್ಲ.

ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋಶ್ನಾ ಚಿಣ್ಣಪ್ಪ ಅವರ ಕಥೆ ಹೇಳಿದೆ.

ಜೋಶ್ನಾ ಕೊಡವ ಮನೆತನದವರು, ಹುಟ್ಟಿದ್ದು 1986ರಲ್ಲಿ ಚೆನ್ನೈನಲ್ಲಿ. ಅವರದು ಸ್ಕ್ವಾಷ್ ಆಟ. ನಾಲ್ಕು ಗೋಡೆಗಳ ನಡುವೆ ಇಬ್ಬರೂ ಒಂದೇ ಕಡೆ ನಿಂತು, ಪುಟ್ಟ ರಬ್ಬರ್ ಚೆಂಡನ್ನು ಮುಂದಿನ ಗೋಡೆಗೆ ಸರದಿಯಂತೆ ಹೊಡೆಯಬೇಕು. ಬನಹಟ್ಟಿಯ ಮಗ್ಗದಲ್ಲಿ ಲಾಳಿ ಓಡಿದಂತೆ ಚೆಂಡು ಹೋಗಿ ಬರುತ್ತಲೇ ಇರುತ್ತದೆ. ಎರಡು ಸಲ ನೆಲಕ್ಕೆ ಪುಟಿದರೆ ಪಾಯಿಂಟ್ ಹೋಯಿತು! ಇನ್ನೊಂದು ಮೋಜು ಕೇಳಿ: ತಣ್ಣಗಿರುವ ಚೆಂಡು ಸರಿಯಾಗಿ ಪುಟಿಯುವುದೇ ಇಲ್ಲ. ಮೊದಲು ಹೊಡೆದು ಹೊಡೆದು ಬಿಸಿ ಮಾಡಬೇಕು.

ಜೋಶ್ನಾ 14ನೆಯ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆದರು. 2005ರಲ್ಲಿ 19 ವರ್ಷದೊಳಗಿನವರ ಬ್ರಿಟಿಷ್ ಜೂನಿಯರ್ ಪ್ರಶಸ್ತಿ ಗೆದ್ದರು. ಆದರೆ ಮುಂದಿನ ದಾರಿ ಸುಲಭವಿರಲಿಲ್ಲ. ದೊಡ್ಡವರ ಆಟದಲ್ಲಿ ಸೋಲುಗಳು ಬಂದವು, ಮೊಣಕಾಲಿನ ಪೆಟ್ಟು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿತು. ಆದರೂ ರ‍್ಯಾಕೆಟ್ ಬಿಡಲಿಲ್ಲ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಡಬಲ್ಸ್‌ನಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಚಿನ್ನ ಗೆದ್ದರು. ಆ ಕೂಟದಲ್ಲಿ ಸ್ಕ್ವಾಷ್‌ನಿಂದ ಭಾರತಕ್ಕೆ ಬಂದ ಮೊದಲ ಪದಕ ಅದು. 2016ರಲ್ಲಿ ವಿಶ್ವದ ಮೊದಲ ಹತ್ತು ಆಟಗಾರ್ತಿಯರಲ್ಲಿ ಒಬ್ಬರಾದರು. 2024ರಲ್ಲಿ ಪದ್ಮಶ್ರೀ ಬಂತು.

"ಆಮ್ಯಾಲೆ ಬಿಟ್ರೇನ್ ಅಜ್ಜಾ?"

ಎಲ್ಲಿಯ ಬಿಡುವುದು! 2025ರಲ್ಲಿ, 39ನೆಯ ವಯಸ್ಸಿನಲ್ಲಿ ಜಪಾನ್ ಓಪನ್ ಗೆದ್ದರು. ಅದೇ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲೂ ಇದ್ದರು. ಅದೇ ತಂಡದಲ್ಲಿದ್ದ ಅನಾಹತ್ ಸಿಂಗ್‌ಗೆ ಆಗ ಕೇವಲ 17 ವರ್ಷ! ಸ್ಕ್ವಾಷ್ 2028ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೂ ಬರಲಿದೆ.

ಮೊಮ್ಮಗಳು ಏನೂ ಹೇಳದೆ ಎದ್ದು ಹೋದಳು. ಸೋಮವಾರ ಮುಂಜಾನೆ ಬೂಟು ಹಿಡಿದು ಬಂದಳು: "ಅಜ್ಜಾ, ಲೇಸ್ ಹರದೈತಿ."

ಜಮಖಂಡಿಯ ಬಜಾರಿಗೆ ಹೋಗಿ ಹೊಸ ಲೇಸ್ ತಂದೆ. ಮನೆಗೆ ಬಂದು ಮಗಳಿಗೆ ಫೋನ್ ಹಚ್ಚಿದೆ. ಹೇಳಬೇಕಾದ ಮಾತೊಂದು ಬಹಳ ವರ್ಷಗಳಿಂದ ಬಾಕಿ ಇತ್ತು.